ಓಕಿಲ್ ಬೆಟ್ಟದ ತಪ್ಪಲಿನ ಪುಟ್ಟ ಕೌಂಟಿ

ಸ್ಕಾಟ್ಲೆಂಡಿನ ಹಳೆಯ ಕೌಂಟಿಗಳಲ್ಲಿ ಕ್ಲ್ಯಾಕ್‌ಮ್ಯಾನನ್‌ಶೈರ್ ಎಲ್ಲಕ್ಕಿಂತ ಚಿಕ್ಕದು. ಈಗಿನ ಕೌನ್ಸಿಲ್ ಪ್ರದೇಶದ ವಿಸ್ತೀರ್ಣ ಸುಮಾರು 159 ಚದರ ಕಿಲೋಮೀಟರ್, ಜನಸಂಖ್ಯೆ 51 ಸಾವಿರದ ಆಸುಪಾಸು. ಇಷ್ಟು ಸಣ್ಣ ನಾಡಿಗೆ ಪ್ರತ್ಯೇಕ ಆಡಳಿತ ಬೇಕೇ ಎಂಬ ಪ್ರಶ್ನೆಯನ್ನು ಅದು ಮತ್ತೆ ಮತ್ತೆ ಎದುರಿಸಿದೆ. ಬೇಕು ಅನ್ನುವುದಕ್ಕೆ ಅಲ್ಲಿನ ನೆಲವೇ ಸಾಕ್ಷಿ ಎಂದು ನನಗನ್ನಿಸುತ್ತದೆ.

ಉತ್ತರದಲ್ಲಿ ಓಕಿಲ್ ಬೆಟ್ಟಸಾಲು, ದಕ್ಷಿಣದಲ್ಲಿ ಫೋರ್ತ್ ನದಿ. ಭೂಮಿಯ ಪದರ ಇಲ್ಲಿ ಉದ್ದಕ್ಕೆ ಸೀಳಿ ಒಂದು ಬದಿ ಕುಸಿದಿರುವುದರಿಂದ, ಬಯಲಿನ ಅಂಚಿಗೇ ಗೋಡೆ ಎಬ್ಬಿಸಿದಂತೆ ಬೆಟ್ಟ ನಿಂತಿದೆ. ಅದರ ಅತಿ ಎತ್ತರದ ಶಿಖರ ಬೆನ್ ಕ್ಲೂಕ್, 721 ಮೀಟರ್. ಕಡಿದಾದ ಕಣಿವೆಗಳಲ್ಲಿ ಧುಮುಕುವ ತೊರೆಗಳು ಉಣ್ಣೆ ಗಿರಣಿಗಳ ಚಕ್ರ ತಿರುಗಿಸಿದವು. ಆ ಕಣಿವೆಗಳ ಬಾಯಲ್ಲೇ ಮೆನ್‌ಸ್ಟ್ರಿ, ಆಲ್ವಾ, ಟಿಲಿಕೂಟ್ರಿ, ಡಾಲರ್ ಊರುಗಳು ಸಾಲಾಗಿ ಬೆಳೆದವು. ಬಯಲಿನಡಿ ಕಲ್ಲಿದ್ದಲು ಸಿಕ್ಕಿತು. ಡೆವನ್ ನದಿಯ ದಾರಿಯಂತೂ ವಿಚಿತ್ರ: ಓಕಿಲ್‌ನಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು, ಕ್ರೂಕ್ ಆಫ್ ಡೆವನ್ ಬಳಿ ಥಟ್ಟನೆ ತಿರುಗಿ, ಬೆಟ್ಟದ ಬುಡದಲ್ಲೇ ಪಶ್ಚಿಮಕ್ಕೆ ಹಿಂತಿರುಗಿ ಕ್ಯಾಂಬಸ್ ಹತ್ತಿರ ಫೋರ್ತ್ ಸೇರುತ್ತದೆ.

ಕೌಂಟಿಗೆ ಹೆಸರು ಕೊಟ್ಟ ಕ್ಲ್ಯಾಕ್‌ಮ್ಯಾನನ್ ಇಂದು ಸಣ್ಣ ಊರು. ಅದರ ಮುಖ್ಯ ಬೀದಿಯಲ್ಲಿ ಕಂಬದಂಥ ಬಂಡೆಯ ನೆತ್ತಿಯ ಮೇಲೆ, ಊರಿನ ಹೆಸರಿಗೆ ಮೂಲವಾದ ಮಾನನ್ ಕಲ್ಲನ್ನು ಕೂರಿಸಿದ್ದಾರೆ. ಪಕ್ಕದಲ್ಲೇ ಹಳೆಯ ಸಂತೆಶಿಲುಬೆ; ಅದರಾಚೆ, 1592ರ ಕಾಲದ ಟೋಲ್‌ಬೂತಿನ ಅಳಿದುಳಿದ ಗೋಪುರ. ಕೋರ್ಟು, ಸೆರೆಮನೆ ಎರಡೂ ಆ ಟೋಲ್‌ಬೂತಿನಲ್ಲೇ ನಡೆಯುತ್ತಿದ್ದವು. ಒಂದು ಕೌಂಟಿಯ ಅಧಿಕಾರವೆಲ್ಲ ಇಷ್ಟು ಜಾಗದಲ್ಲಿ ಹಿಡಿಸಿತ್ತು! ಆದರೆ ವ್ಯಾಪಾರ ನದಿದಂಡೆಯ ಅಲ್ಲೋವಾ ಕಡೆಗೆ ಸರಿಯಿತು. ಅಲ್ಲಿ ಬಂದರಿತ್ತು, ಗಾಜಿನ ಕಾರ್ಖಾನೆಯಿತ್ತು, ಬಿಯರ್ ಭಟ್ಟಿಗಳಿದ್ದವು. 1822ರಲ್ಲಿ ಕೌಂಟಿ ಕೇಂದ್ರದ ಪಟ್ಟವೂ ಅಲ್ಲೋವಾಗೇ ಹೋಯಿತು.

ಚಿಕ್ಕದಾಗಿರುವುದಕ್ಕೆ ತೆತ್ತ ಬೆಲೆ ಸಂಸತ್ತಿನ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಇಂಗ್ಲೆಂಡಿನೊಂದಿಗಿನ 1707ರ ಒಕ್ಕೂಟದ ನಂತರ ಕ್ಲ್ಯಾಕ್‌ಮ್ಯಾನನ್‌ಶೈರ್ ಮತ್ತು ನೆರೆಯ ಕಿನ್ರಾಸ್‌ಶೈರ್ ಸರದಿಯ ಮೇಲೆ ಸದಸ್ಯನನ್ನು ಆರಿಸಬೇಕಿತ್ತು. ಒಂದು ಸಂಸತ್ತಿಗೆ ಇವರ ಪ್ರತಿನಿಧಿ, ಮುಂದಿನದಕ್ಕೆ ಅವರದು. ತನ್ನ ಸರದಿಯಿಲ್ಲದ ವರ್ಷಗಳಲ್ಲಿ ಇಡೀ ಕೌಂಟಿಗೆ ಲಂಡನ್ನಿನಲ್ಲಿ ತನ್ನದೆಂಬ ದನಿಯೇ ಇರಲಿಲ್ಲ. ಈ ಅನ್ಯಾಯ 1832ರವರೆಗೂ ನಡೆಯಿತು; ಆಮೇಲೆ ಎರಡನ್ನೂ ಸೇರಿಸಿ ಒಂದೇ ಕ್ಷೇತ್ರ ಮಾಡಿದರು.

ಗಡಿಗಳೂ ಸಿಕ್ಕುಸಿಕ್ಕಾಗಿದ್ದವು. ಬೆಟ್ಟದ ಬುಡದ ಊರುಗಳ ಸಾಲಿನ ನಡುವೆಯೇ ಇರುವ ಆಲ್ವಾ ಸ್ಟರ್ಲಿಂಗ್‌ಶೈರ್‌ಗೆ ಸೇರಿತ್ತು! 1889ರ ಕಾಯ್ದೆಯಿಂದ ಚುನಾಯಿತ ಕೌಂಟಿ ಕೌನ್ಸಿಲ್‌ಗಳು ಬಂದವು. ಅದರ ಬೆನ್ನಿಗೇ ಗಡಿ ತಿದ್ದುಪಡಿ ನಡೆದು 1891ರಲ್ಲಿ ಆಲ್ವಾ ಈ ಕಡೆ ಬಂತು. ಅಲ್ಲೋವಾ, ಆಲ್ವಾ, ಟಿಲಿಕೂಟ್ರಿ, ಡಾಲರ್‌ಗಳಿಗೆ ಅವುಗಳದೇ ಪುರಸಭೆಗಳೂ ಇದ್ದವು.

1975ರಲ್ಲಿ ಕೌಂಟಿ ಕೌನ್ಸಿಲ್, ಪುರಸಭೆ ಎಲ್ಲವೂ ರದ್ದಾದವು. ಸ್ಟರ್ಲಿಂಗ್, ಫಾಲ್ಕರ್ಕ್‌ಗಳ ಜೊತೆ ಇದೂ ಸೆಂಟ್ರಲ್ ರೀಜನ್ನಿನ ಒಂದು ಜಿಲ್ಲೆಯಾಯಿತು. ಶಾಲೆ, ರಸ್ತೆಯಂಥ ದೊಡ್ಡ ಜವಾಬ್ದಾರಿಗಳೆಲ್ಲ ರೀಜನ್ನಿನ ಕೈಗೆ ಹೋಗಿ, ಇಲ್ಲಿ ಉಳಿದದ್ದು ಮನೆ ಹಂಚಿಕೆ, ಕಸ ವಿಲೇವಾರಿಯಂಥ ಕೆಲಸ. ಮತ್ತೆ 1996ರ ಏಪ್ರಿಲ್ 1ರಂದು ಎರಡು ಹಂತದ ಆ ವ್ಯವಸ್ಥೆ ಹೋಗಿ, ಕ್ಲ್ಯಾಕ್‌ಮ್ಯಾನನ್‌ಶೈರ್ ತನ್ನ ಹಳೆಯ ಹೆಸರಿನಲ್ಲೇ ಪೂರ್ಣ ಕೌನ್ಸಿಲ್ ಪಡೆಯಿತು. ಮುಖ್ಯಭೂಮಿಯ ಕೌನ್ಸಿಲ್‌ಗಳಲ್ಲಿ ಜನಸಂಖ್ಯೆಯಲ್ಲಿ ಇದೇ ಕಿರಿಯದು. ಆದರೂ ಲಕ್ಷಾಂತರ ಜನರಿರುವ ಗ್ಲಾಸ್ಗೋ ಕೌನ್ಸಿಲ್ ಮಾಡುವ ಕೆಲಸಗಳನ್ನೆಲ್ಲ ಇದೂ ಮಾಡಬೇಕು. ಖರ್ಚು ಹೊಂದಿಸುವುದು ಸುಲಭವಲ್ಲ. ಆದರೆ ಆಲ್ವಾದ ಶಾಲೆಯ ವಿಷಯವನ್ನು ಕೆಲವೇ ಮೈಲಿ ದೂರದ ಅಲ್ಲೋವಾದಲ್ಲಿ, ಆ ಶಾಲೆಯನ್ನು ಕಂಡವರೇ ಕೂತು ತೀರ್ಮಾನಿಸುತ್ತಾರಲ್ಲ, ಅದು ಸಣ್ಣ ಮಾತಲ್ಲ. ಕೌನ್ಸಿಲ್ಲಿನ ಕಚೇರಿ ಇರುವುದು ಅಲ್ಲೋವಾದ ಕಿಲ್ನ್‌ಕ್ರೇಗ್ಸ್‌ನಲ್ಲಿ, ಒಂದು ಕಾಲಕ್ಕೆ ಪೇಟನ್ಸ್ ಕಂಪನಿಯ ಉಣ್ಣೆನೂಲಿನ ಗಿರಣಿಯಾಗಿದ್ದ ಕಟ್ಟಡದಲ್ಲಿ. 1968ರಲ್ಲಿ ಅಲ್ಲೋವಾಗೆ ನಿಂತುಹೋಗಿದ್ದ ಪ್ರಯಾಣಿಕರ ರೈಲು 2008ರಿಂದ ಸ್ಟರ್ಲಿಂಗ್ ಮಾರ್ಗವಾಗಿ ಮತ್ತೆ ಓಡುತ್ತಿದೆ.