ಸೊನ್ನೆ ಒಬ್ಬನ ಸೊತ್ತಲ್ಲ!

ಗಣಿತದ ಮಾತು ಬಂದಾಗಲೆಲ್ಲ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, “ಸೊನ್ನೆ ಕಂಡುಹಿಡಿದಿದ್ದು ನಮ್ಮ ಆರ್ಯಭಟ ಕಣ್ರೀ!” ಅಂತ. ಕೇಳೋಕೆ ಖುಷಿಯಾಗುತ್ತೆ. ಆದ್ರೆ ಎಲ್ಲವನ್ನೂ ಒಬ್ಬನ ಖಾತೆಗೆ ಹಾಕಿಬಿಟ್ರೆ, ನಮ್ಮವರು ನಿಜವಾಗಿ ಮಾಡಿದ್ದೇನು ಅನ್ನೋದೇ ಮರೆತುಹೋಗುತ್ತೆ.

505 ಅಂತ ಬರೆದು ನೋಡಿ. ಎರಡೂ ಐದೇ. ಆದ್ರೆ ಎಡಗಡೆಯದು ಐನೂರು, ಬಲಗಡೆಯದು ಬರೀ ಐದು. ಅಂಕಿಯ ಬೆಲೆ ಅದು ಕೂತ ಜಾಗದಿಂದ ಬರುತ್ತೆ. ನಡುವಿನ ಸೊನ್ನೆ “ಹತ್ತರ ಸ್ಥಾನ ಖಾಲಿ” ಅಂತ ಹೇಳ್ತಿದೆ. ಅದನ್ನ ಕಿತ್ತರೆ ಉಳಿಯೋದು 55! ರೋಮನ್ನರಿಗೆ ಐವತ್ತಕ್ಕೊಂದು, ನೂರಕ್ಕೊಂದು, ಐನೂರಕ್ಕೊಂದು ಅಕ್ಷರ ಬೇಕಿತ್ತು. ನಮಗೆ ಎಷ್ಟು ದೊಡ್ಡ ಸಂಖ್ಯೆಗಾದ್ರೂ ಹತ್ತೇ ಚಿಹ್ನೆ ಸಾಕು.

ಖಾಲಿ ಸ್ಥಾನಕ್ಕೆ ಗುರುತು ಹಾಕೋದು ಬ್ಯಾಬಿಲೋನಿನವರಿಗೂ ಗೊತ್ತಿತ್ತು, ಅದೂ 60ರ ಲೆಕ್ಕದಲ್ಲಿ. ಆದ್ರೆ ಅವರಿಗೆ ಅದು ಬರೀ ಗುರುತು, ಸಂಖ್ಯೆ ಅಲ್ಲ.

ಇನ್ನು ಆರ್ಯಭಟ. ಕ್ರಿ.ಶ. 499ರ ಸುಮಾರಿನ ‘ಆರ್ಯಭಟೀಯ’ದಲ್ಲಿ ಒಂದೊಂದು ಸ್ಥಾನವೂ ಹಿಂದಿನದರ ಹತ್ತುಪಟ್ಟು ಅನ್ನೋದು ಸ್ಪಷ್ಟವಾಗಿದೆ. ಆದ್ರೆ ಅವನು ಸಂಖ್ಯೆಗಳನ್ನ ಬರೆದಿದ್ದು ಅಕ್ಷರಗಳಲ್ಲಿ. ಸೊನ್ನೆಯ ಚಿಹ್ನೆ ಅಲ್ಲಿಲ್ಲ. ಸೊನ್ನೆಯನ್ನೂ ಒಂದು ಸಂಖ್ಯೆ ಅಂತ ಹಿಡಿದು ಕೂಡೋದು, ಕಳೆಯೋದು, ಗುಣಿಸೋದಕ್ಕೆಲ್ಲ ನಿಯಮ ಬರೆದವನು ಬ್ರಹ್ಮಗುಪ್ತ, 628ರಲ್ಲಿ. ಗ್ವಾಲಿಯರ್‌ನ ಒಂದು ಗುಡಿಯಲ್ಲಿ 876ರ ಶಾಸನ ಇದೆ. ಅದರಲ್ಲಿ 270 ಅನ್ನೋ ಸಂಖ್ಯೆ ಸೊನ್ನೆ ಸಮೇತ ಕೆತ್ತಿದ್ದಾರೆ.

ನಮ್ಮ ಕಡೆಯವನೂ ಒಬ್ಬ ಇದ್ದಾನೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ ಬರೆದ. ಸೊನ್ನೆಯಿಂದ ಭಾಗಿಸಿದ್ರೆ ಸಂಖ್ಯೆ ಬದಲಾಗೋದೇ ಇಲ್ಲ ಅಂದ. ತಪ್ಪು! 1150ರ ಹೊತ್ತಿಗೆ ಎರಡನೇ ಭಾಸ್ಕರ ಅದನ್ನ ಅನಂತ ಅಂದ. ಅಲ್ಲಿಗೂ ಜಗಳ ಮುಗಿಯಲಿಲ್ಲ. ಇವತ್ತಿಗೂ ಪ್ರೋಗ್ರಾಮಿನಲ್ಲಿ ಪೂರ್ಣಾಂಕವನ್ನ ಸೊನ್ನೆಯಿಂದ ಭಾಗಿಸೋಕೆ ಹೋದ್ರೆ ಬಹಳಷ್ಟು ಭಾಷೆಗಳು ಎರರ್ ಎಸೆದು ಸುಮ್ಮನಾಗುತ್ತವೆ :)

ಆಮೇಲೆ ಶುರುವಾಯ್ತು ಸೊನ್ನೆಯ ಪ್ರವಾಸ. ಬಾಗ್ದಾದಿನ ಅಲ್-ಖ್ವಾರಿಜ್ಮಿ 9ನೇ ಶತಮಾನದಲ್ಲಿ ಭಾರತೀಯರ ಲೆಕ್ಕದ ಬಗ್ಗೆ ಪುಸ್ತಕ ಬರೆದ. ‘ಅಲ್ಗಾರಿದಮ್’ ಅನ್ನೋ ಪದ ಹುಟ್ಟಿದ್ದು ಅವನ ಹೆಸರಿಂದಲೇ! ನಮ್ಮ ‘ಶೂನ್ಯ’ ಅರಬ್ಬರ ಬಾಯಲ್ಲಿ ‘ಸಿಫ್ರ್’ ಆಯ್ತು, ಇಟಲಿ ದಾಟಿ ‘ಝೀರೋ’ ಆಯ್ತು. ಉತ್ತರ ಆಫ್ರಿಕಾದಲ್ಲಿ ಈ ಲೆಕ್ಕ ಕಲಿತ ಫಿಬೊನಾಚಿ 1202ರಲ್ಲಿ ಪುಸ್ತಕ ಬರೆದು ಯುರೋಪಿನ ವ್ಯಾಪಾರಿಗಳಿಗೆ ಹೇಳಿಕೊಟ್ಟ. ಆದ್ರೂ 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ ಲೆಕ್ಕದ ಪುಸ್ತಕಗಳಲ್ಲಿ ಈ ಅಂಕಿ ಬಳಸಬಾರದು ಅಂತ ಕಟ್ಟಪ್ಪಣೆ ಮಾಡಿತ್ತು!

505 ಅಂತ ಬರೆದ್ರೂ ೫೦೫ ಅಂತ ಬರೆದ್ರೂ ಒಳಗಿನ ಯಂತ್ರ ಒಂದೇ. ಅದನ್ನ ಒಬ್ಬ ಮಹಾನುಭಾವ ಒಂದು ಬೆಳಗ್ಗೆ ಎದ್ದು ಕಟ್ಟಲಿಲ್ಲ. ಒಬ್ಬ ಬರೆದಿದ್ದನ್ನ ಇನ್ನೊಬ್ಬ ಓದಿ, ತಿದ್ದಿ, ಮತ್ತೆ ತಪ್ಪು ಮಾಡಿ, ನೂರಾರು ವರ್ಷ ಕಟ್ಟಿದ್ದು. ನನಗಂತೂ ಒಂಟಿ ಆರ್ಯಭಟನ ಕಥೆಗಿಂತ ಇದರ ಮೇಲೇ ಹೆಚ್ಚು ಹೆಮ್ಮೆ, ಮಹಾವೀರಾಚಾರ್ಯನ ತಪ್ಪನ್ನೂ ಸೇರಿಸಿ.

ನೀವೇನಂತೀರಿ?