ಸಂಘದ ಪ್ರವಾಸಕ್ಕೆ ಟಿಟಿ, ಮಿನಿ ಬಸ್ ಬುಕ್ ಮಾಡುತ್ತಿದ್ದೀರಾ? ಮುಂಗಡ ಕೊಡುವ ಮುನ್ನ ಇಷ್ಟು ತಿಳಿದಿರಲಿ

ರಾಜ್ಯೋತ್ಸವದ ಗದ್ದಲ ಮುಗಿಯುತ್ತಿದ್ದಂತೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಮುಂಬೈ, ಪುಣೆಯವರಿಗೆ ಪಂಢರಪುರ, ಗಾಣಗಾಪುರ, ಹೈದರಾಬಾದಿನವರಿಗೆ ಮಂತ್ರಾಲಯ, ಚೆನ್ನೈನವರಿಗೆ ಕಂಚಿ, ಮಹಾಬಲಿಪುರಂ, ದೆಹಲಿಯವರಿಗೆ ಮಥುರಾ, ಆಗ್ರಾ. ಊರು ನಿಗದಿ ಮಾಡುವುದು ಸುಲಭ. ವಾಹನ ಗೊತ್ತು ಮಾಡುವ ಕೆಲಸ ಮಾತ್ರ ಯಾರಾದರೂ ಒಬ್ಬರ ಹೆಗಲಿಗೆ ಬೀಳುತ್ತದೆ. ಅವರು ನಾಲ್ಕು ಕಡೆ ಫೋನ್ ಮಾಡಿ ಕಡಿಮೆ ದರ ಹೇಳಿದವರಿಗೆ ಮುಂಗಡ ಕಳುಹಿಸುವುದೇ ಹೆಚ್ಚು. ಆದರೆ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ.

ಎಷ್ಟು ಜನಕ್ಕೆ ಯಾವ ವಾಹನ?

ಟೆಂಪೋ ಟ್ರಾವೆಲರ್, ಅಂದರೆ ಎಲ್ಲರ ಬಾಯಲ್ಲಿರುವ ಟಿಟಿ, ಸಾಮಾನ್ಯವಾಗಿ 12, 17, 20 ಮತ್ತು 26 ಸೀಟುಗಳಲ್ಲಿ ಸಿಗುತ್ತದೆ. ಅದಕ್ಕಿಂತ ದೊಡ್ಡ ಗುಂಪಾದರೆ ಮಿನಿ ಬಸ್, 40ರ ಮೇಲಾದರೆ ದೊಡ್ಡ ಬಸ್. ‘12+1’ ಎಂದು ಹೇಳಿದರೆ ಆ ಒಂದು ಸೀಟು ಚಾಲಕನದು.

17 ಜನಕ್ಕೆ 17 ಸೀಟು ಎಂಬ ಲೆಕ್ಕ ಒಂದು ದಿನದ ಪಿಕ್‌ನಿಕ್‌ಗೆ ಸರಿ. ರಾತ್ರಿ ತಂಗುವುದಿದ್ದರೆ ಬ್ಯಾಗುಗಳಿಗೆ ಜಾಗ ಸಾಲದು. ಎರಡು–ಮೂರು ಸೀಟು ಹೆಚ್ಚಿರುವ ವಾಹನವೇ ವಾಸಿ. ಹಿರಿಯರಿದ್ದರೆ ಮೆಟ್ಟಿಲು ಎಷ್ಟು ಎತ್ತರದಲ್ಲಿದೆ ಎಂದು ನೋಡಿಕೊಳ್ಳಬೇಕು. ‘ಮಕ್ಕಳು ತೊಡೆಯ ಮೇಲೆ ಕೂರುತ್ತಾರೆ’ ಎಂದು ಹೆಚ್ಚು ಜನರನ್ನು ತುಂಬುವುದು ಬೇಡ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಅನುಮತಿಗಿಂತ ಹೆಚ್ಚುವರಿ ಇರುವ ಪ್ರತಿ ಪ್ರಯಾಣಿಕರಿಗೆ ₹200 ದಂಡವಿದೆ. ದಂಡಕ್ಕಿಂತ ದೊಡ್ಡದು ಸುರಕ್ಷತೆಯ ಪ್ರಶ್ನೆ.

ಹಳದಿ ಬೋರ್ಡ್ ಏಕೆ ಮುಖ್ಯ?

ಬಾಡಿಗೆಗೆ ಓಡುವ ವಾಹನಕ್ಕೆ ಹಳದಿ ಫಲಕದಲ್ಲಿ ಕಪ್ಪು ಅಕ್ಷರ ಇರಬೇಕು. ವಿದ್ಯುತ್ ಚಾಲಿತ ವಾಹನವಾದರೆ ಹಸಿರು ಫಲಕದಲ್ಲಿ ಹಳದಿ ಅಕ್ಷರ. ಬಿಳಿ ಬೋರ್ಡಿನದು ಸ್ವಂತ ಬಳಕೆಯ ವಾಹನ. ‘ಪರಿಚಯದವರ ಗಾಡಿ, ಎರಡು ಸಾವಿರ ಕಡಿಮೆ’ ಎಂಬ ಮಾತು ಬಂದರೆ ಅದು ಬಿಳಿ ಬೋರ್ಡೇ ಎಂದು ಮೊದಲು ನೋಡಬೇಕು.

ಪರವಾನಗಿ ಇಲ್ಲದೆ ಬಾಡಿಗೆ ಓಡಿಸಿದರೆ ₹10,000 ದಂಡ ಹಾಗೂ ಆರು ತಿಂಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ವಾಹನವನ್ನು ದಾರಿಯಲ್ಲೇ ವಶಕ್ಕೆ ಪಡೆಯಲೂಬಹುದು. ಆಗ ಹೆಂಗಸರು, ಮಕ್ಕಳು ಸಮೇತ ಇಡೀ ಗುಂಪು ಹೆದ್ದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಅಪಘಾತವಾದರೆ ಪರಿಸ್ಥಿತಿ ಇನ್ನೂ ಕಷ್ಟ. ಖಾಸಗಿ ವಾಹನದ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಪರವಾನಗಿ ಇಲ್ಲದೆ ವಾಹನ ಓಡಿಸುವುದು ಮೂಲಭೂತ ಉಲ್ಲಂಘನೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಪರಿಹಾರಕ್ಕಾಗಿ ಅಲೆಯುವ ಪಾಡು ಪ್ರಯಾಣಿಕರ ಕುಟುಂಬದ್ದು.

ಬೇರೆ ರಾಜ್ಯಕ್ಕೆ ಹೋಗುವುದಾದರೆ ‘ಅಖಿಲ ಭಾರತ ಪ್ರವಾಸಿ ಪರವಾನಗಿ’ ಇದೆಯೇ ಎಂದು ಕೇಳಬೇಕು. ಇದರ ಈಗಿನ ನಿಯಮಗಳು 2023ರ ಮೇ 1ರಿಂದ ಜಾರಿಯಲ್ಲಿವೆ. ಈ ಪರವಾನಗಿ ಇಲ್ಲದಿದ್ದರೆ ತಾತ್ಕಾಲಿಕ ಪರವಾನಗಿ, ತೆರಿಗೆ ಎಂದು ಗಡಿಯಲ್ಲಿ ಹಣ ಹಾಗೂ ಸಮಯ ಎರಡೂ ಹೋಗುತ್ತವೆ. ಪ್ರಯಾಣಿಕರ ಪಟ್ಟಿಯೂ ವಾಹನದಲ್ಲಿರಲಿ. ಒಪ್ಪಂದದ ವಾಹನ ದಾರಿಯಲ್ಲಿ ಹೊರಗಿನವರನ್ನು ಹತ್ತಿಸಿಕೊಳ್ಳುವಂತಿಲ್ಲ ಎಂಬುದೂ ನೆನಪಿರಲಿ.

ಬಿಲ್ ಹೆಚ್ಚುವುದು ಎಲ್ಲಿ?

ಊರೊಳಗಿನ ಮದುವೆ, ಮುಂಜಿಗಳಿಗೆ ‘8 ಗಂಟೆ, 80 ಕಿ.ಮೀ.’ ಮಾದರಿಯ ಪ್ಯಾಕೇಜ್ ಇರುತ್ತದೆ. ಹೊರ ಊರಿಗಾದರೆ ಕಿ.ಮೀ. ಲೆಕ್ಕ. ಇಲ್ಲಿ ‘ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ.’ ಎಂಬ ಷರತ್ತಿರುತ್ತದೆ. ಅನೇಕ ಕಡೆ ಇದು 250ರಿಂದ 300 ಕಿ.ಮೀ. ದಿನವೆಂದರೆ ಹೊರಟ ಹೊತ್ತಿನಿಂದ 24 ಗಂಟೆಯಲ್ಲ, ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ.

ಒಂದು ಉದಾಹರಣೆ ನೋಡಿ. ಪುಣೆಯಿಂದ ಪಂಢರಪುರಕ್ಕೆ ಸುಮಾರು 210 ಕಿ.ಮೀ., ಹೋಗಿ ಬರಲು 420. ಲೆಕ್ಕಕ್ಕಾಗಿ ಕಿ.ಮೀ.ಗೆ ₹25, ದಿನಕ್ಕೆ ಕನಿಷ್ಠ 300 ಕಿ.ಮೀ. ಎಂದಿಟ್ಟುಕೊಳ್ಳೋಣ. ಭಾನುವಾರ ಬೆಳಿಗ್ಗೆ 5ಕ್ಕೆ ಹೊರಟು ರಾತ್ರಿ 10ಕ್ಕೆ ಮರಳಿದರೆ ₹10,500. ಶನಿವಾರ ರಾತ್ರಿ 11ಕ್ಕೆ ಹೊರಟು ಭಾನುವಾರ ರಾತ್ರಿ ಮರಳಿದರೆ ಎರಡು ದಿನದ ಲೆಕ್ಕ: 600 ಕಿ.ಮೀ., ₹15,000. ಶನಿವಾರದ ಆ ಒಂದು ಗಂಟೆಗೆ ₹4,500 ಹೆಚ್ಚು ತೆರಬೇಕು. ಮೇಲೆ ಚಾಲಕನ ಬಾಟಾ ಕೂಡ ಎರಡು ದಿನದ್ದು.

ಇನ್ನು ಕಿ.ಮೀ. ಎಣಿಕೆ ಶುರುವಾಗುವುದು ಸಂಘದ ಬಾಗಿಲಿನಿಂದಲ್ಲ, ಹೆಚ್ಚಿನವರಲ್ಲಿ ಗ್ಯಾರೇಜಿನಿಂದ ಗ್ಯಾರೇಜಿಗೆ. ಗ್ಯಾರೇಜ್ ನಗರದ ಆಚೆ ತುದಿಯಲ್ಲಿದ್ದರೆ ಖಾಲಿ ಓಡಾಟಕ್ಕೂ ದುಡ್ಡು ಹೋಗುತ್ತದೆ. ಟೋಲ್, ಪಾರ್ಕಿಂಗ್, ಬಾಟಾ, ಜಿಎಸ್‌ಟಿ ದರದಲ್ಲಿ ಸೇರಿವೆಯೇ ಎಂದು ಒಂದೊಂದಾಗಿ ಕೇಳಬೇಕು. ಮಿನಿ ಬಸ್‌ಗೆ ಟೋಲ್ ಕಾರಿಗಿಂತ ಹೆಚ್ಚು. ಘಾಟಿಯಲ್ಲಿ ಎಸಿ ನಿಲ್ಲಿಸುತ್ತಾರೆಯೇ, ವಾಹನ ನಿಂತಾಗ ಎಸಿ ಇರುತ್ತದೆಯೇ ಎಂಬುದೂ ಜಗಳದ ಮೂಲವೇ.

ಸರ್ಕಾರಿ ಬಸ್ ಕೂಡ ಸಿಗುತ್ತದೆ

ದೊಡ್ಡ ಗುಂಪಿಗೆ ಸರ್ಕಾರಿ ಸಾರಿಗೆ ನಿಗಮಗಳ ಬಸ್ ಕೂಡ ಒಂದು ದಾರಿ. ಕೆಎಸ್‌ಆರ್‌ಟಿಸಿ ಮದುವೆ, ಪ್ರವಾಸಗಳಿಗೆ ಸಾಂದರ್ಭಿಕ ಗುತ್ತಿಗೆಯಲ್ಲಿ ಬಸ್ ಕೊಡುತ್ತದೆ. ಮಹಾರಾಷ್ಟ್ರದ ಎಸ್‌ಟಿ, ತೆಲಂಗಾಣದ ಸಾರಿಗೆ ಸಂಸ್ಥೆಯಲ್ಲೂ ಇಂಥ ವ್ಯವಸ್ಥೆ ಇದೆ. ಹತ್ತಿರದ ಡಿಪೊದಲ್ಲಿ ವಿಚಾರಿಸಬಹುದು. ಹಬ್ಬ, ಜಾತ್ರೆಯ ದಿನಗಳಲ್ಲಿ ಸಿಗುವುದು ಕಷ್ಟ, ಬೇಗ ಕೇಳಬೇಕು.

ಚಾಲಕ ನಿದ್ದೆ ಮಾಡಿದ್ದಾರೆಯೇ?

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ನಿಂತಿದ್ದ ಲಾರಿಗೆ ಟಿಟಿ ಡಿಕ್ಕಿ ಹೊಡೆದು 13 ಮಂದಿ ಮೃತಪಟ್ಟರು. ದೇವರ ದರ್ಶನ ಮುಗಿಸಿ ಶಿವಮೊಗ್ಗ ಜಿಲ್ಲೆಯ ತಮ್ಮ ಊರಿಗೆ ಮರಳುತ್ತಿದ್ದವರು ಅವರು. ನಸುಕಿನ ಹೊತ್ತು, ನಿಂತ ಲಾರಿ, ತುಂಬಿದ ವಾಹನ: ಹೆದ್ದಾರಿಯ ಅಪಾಯಗಳೆಲ್ಲ ಒಟ್ಟಿಗೆ ಸೇರುವುದು ಹೀಗೆ.

‘ರಾತ್ರಿ ಹೊರಟರೆ ಲಾಡ್ಜ್ ಖರ್ಚು ಉಳಿಯುತ್ತದೆ’ ಎಂಬ ಲೆಕ್ಕದಲ್ಲಿ ಬಿಟ್ಟುಹೋಗುವುದು ಚಾಲಕನ ನಿದ್ದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆಯ ಕೆಲಸ ಹಾಗೂ 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಎನ್ನುತ್ತಿತ್ತು. ವಾಸ್ತವದಲ್ಲಿ ಹಗಲು ಒಂದು ಟ್ರಿಪ್ ಮುಗಿಸಿದ ಚಾಲಕನನ್ನೇ ರಾತ್ರಿ ಇನ್ನೊಂದಕ್ಕೆ ಕಳುಹಿಸುವವರಿದ್ದಾರೆ. ಆದ್ದರಿಂದ ಬುಕ್ ಮಾಡುವಾಗಲೇ ಕೇಳಬೇಕು: ಚಾಲಕ ಹಿಂದಿನ ದಿನ ಎಲ್ಲಿಗೆ ಹೋಗಿದ್ದರು? ರಾತ್ರಿ ಪ್ರಯಾಣ ತಪ್ಪದಿದ್ದರೆ ಇಬ್ಬರು ಚಾಲಕರನ್ನು ಕಳುಹಿಸುತ್ತೀರಾ?

ತಂಗುವ ಊರಿನಲ್ಲಿ ಚಾಲಕರಿಗೂ ಮಲಗಲು ಒಂದು ಹಾಸಿಗೆ, ಹೊತ್ತಿಗೆ ಊಟ ಕೊಡಿಸುವುದು ಉಪಕಾರವಲ್ಲ, ಎಲ್ಲರ ಜೀವದ ಕಾಳಜಿ. ಬಾಡಿಗೆ ಬಸ್‌ಗಳ ವೇಗ ನಿಯಂತ್ರಕದ ಮಿತಿ ಗಂಟೆಗೆ 80 ಕಿ.ಮೀ. ‘ಸ್ವಲ್ಪ ಜೋರಾಗಿ ಬಿಡಿ, ಆರತಿ ತಪ್ಪುತ್ತದೆ’ ಎಂದು ಹಿಂದಿನಿಂದ ಕೂಗುವ ಬದಲು ಒಂದು ಗಂಟೆ ಮೊದಲೇ ಹೊರಡುವುದು ಜಾಣತನ.

ಹೋಗುವ ಊರಿನ ನಿಯಮ

* ಮಾಥೇರಾನ್: ದಸ್ತೂರಿ ನಾಕಾದವರೆಗೆ ಮಾತ್ರ ವಾಹನ. ಮುಂದೆ ನಡಿಗೆ, ಕುದುರೆ ಅಥವಾ ರೈಲು.
* ಊಟಿ, ಕೊಡೈಕೆನಾಲ್: 2024ರ ಮೇ 7ರಿಂದ ಇ–ಪಾಸ್ ವ್ಯವಸ್ಥೆ ಇದೆ.
* ಬಂಡೀಪುರ: ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಮೈಸೂರು ಕಡೆಯಿಂದ ಊಟಿಗೆ ಹೋಗುವವರು ಗಮನಿಸಬೇಕು.
* ಆಗ್ರಾ: ಶುಕ್ರವಾರ ತಾಜ್ ಮಹಲ್‌ಗೆ ರಜೆ. ವಾಹನ ದೂರದಲ್ಲೇ ನಿಲ್ಲಿಸಬೇಕು.
* ದೆಹಲಿ: ಚಳಿಗಾಲದಲ್ಲಿ ಮಾಲಿನ್ಯ ಹೆಚ್ಚಾದಾಗ ಹಳೆಯ ಡೀಸೆಲ್ ವಾಹನಗಳಿಗೆ ನಿರ್ಬಂಧ ಬರುತ್ತದೆ. ಬಿಎಸ್–6 ವಾಹನ ಕೇಳಿ ಪಡೆಯುವುದು ಒಳಿತು.

ಮುಂಗಡ ಕೊಡುವ ಮುನ್ನ

* ದರ, ಕನಿಷ್ಠ ಕಿ.ಮೀ., ಎಣಿಕೆಯ ಆರಂಭ, ಬಾಟಾ, ಟೋಲ್ ಎಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.
* ವಾಹನ ಕೆಟ್ಟರೆ ಬದಲಿ ಕೊಡುವವರು ಯಾರು, ರದ್ದಾದರೆ ಎಷ್ಟು ಹಣ ವಾಪಸ್ ಎಂಬುದೂ ಬರಹದಲ್ಲಿರಲಿ.
* ವಾಹನದ ಸಂಖ್ಯೆ ಪಡೆದು ಎಂಪರಿವಾಹನ್ ಆ್ಯಪ್‌ನಲ್ಲಿ ಫಿಟ್‌ನೆಸ್, ವಿಮೆಯ ಅವಧಿ ನೋಡಿ. ಎಂಟು ವರ್ಷ ದಾಟಿದ ವಾಹನಕ್ಕೆ ಪ್ರತಿವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು.
* ಹೊರಡುವಾಗ ಕಳುಹಿಸಿದ್ದು ಅದೇ ಸಂಖ್ಯೆಯ ವಾಹನವೇ ಎಂದು ನೋಡಿ. ಟೈರ್, ಸ್ಟೆಪ್ನಿ, ಬೆಂಕಿ ನಂದಿಸುವ ಸಾಧನ, ತುರ್ತು ಬಾಗಿಲು ಪರೀಕ್ಷಿಸಿ. ಬಾಗಿಲಿಗೆ ಬ್ಯಾಗು ಅಡ್ಡ ಇಡಬೇಡಿ.
* ಅಡುಗೆ ಸಿಲಿಂಡರ್, ಸ್ಟೌ ವಾಹನದೊಳಗೆ ಬೇಡ.
* ಮೀಟರಿನ ಆರಂಭದ ಫೋಟೊ ತೆಗೆದಿಟ್ಟುಕೊಳ್ಳಿ, ಮರಳಿದಾಗ ಇನ್ನೊಂದು.
* ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಂಖ್ಯೆಗೆ ಕರೆ ಮಾಡಬಹುದು.

ಈ ಪಟ್ಟಿಯನ್ನು ಸಂಘದ ಗ್ರೂಪ್‌ನಲ್ಲಿ ಹಾಕಿದರೆ ಮುಂದಿನ ವರ್ಷ ವಾಹನ ಗೊತ್ತು ಮಾಡುವವರಿಗೂ ಅನುಕೂಲ.