ದಲಿತ ಚಳವಳಿ, ಕರ್ನಾಟಕ: ಬೇಡಿಕೆ ಮತ್ತು ಫಲ

ಕರ್ನಾಟಕದ ಪರಿಶಿಷ್ಟ ಜಾತಿಗಳ ಜನ ಮಾನ, ಭೂಮಿ, ಶಿಕ್ಷಣ ಮತ್ತು ನ್ಯಾಯಕ್ಕಾಗಿ 1970ರ ದಶಕದಿಂದ ಸಂಘಟಿತರಾಗಿ ನಡೆಸಿಕೊಂಡು ಬಂದ ಹೋರಾಟ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಗಳ ಪಾಲು ಶೇ 17.15. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ 1950ರಲ್ಲೇ ರದ್ದು ಮಾಡಿತ್ತು. ಆದ್ದರಿಂದ ಈ ಚಳವಳಿಯ ಸಾಧನೆಯನ್ನು ಅಳೆಯುವಾಗ ಎಷ್ಟು ಕಾನೂನು ಬಂದವು ಎನ್ನುವುದಕ್ಕಿಂತ, ಬಂದ ಕಾನೂನು ಕೇರಿಯವರೆಗೆ ತಲುಪಿತೇ ಎಂಬುದು ಮುಖ್ಯ.

ಹಿನ್ನೆಲೆ ಮತ್ತು ಸಂಘಟನೆ

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು, ಮೈಸೂರು ಸಂಸ್ಥಾನದಲ್ಲಿ ಗೋಪಾಲಸ್ವಾಮಿ ಅಯ್ಯರ್ ಶಾಲೆ ಮತ್ತು ವಿದ್ಯಾರ್ಥಿನಿಲಯಗಳ ಮೂಲಕ ಆರಂಭಿಕ ಕೆಲಸ ಮಾಡಿದರು. ದಲಿತರೇ ಮುಂದೆ ನಿಂತ ರಾಜ್ಯವ್ಯಾಪಿ ಚಳವಳಿಗೆ ದಾರಿ ತೆರೆದದ್ದು 1973ರ ಬೂಸಾ ಪ್ರಕರಣ. ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದು ಮೈಸೂರಿನಲ್ಲಿ ಆಡಿದ ಮಾತಿಗೆ ಗಲಭೆಗಳೆದ್ದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಲು ಮುಂದಾದವರೂ ಇವರೇ. ಏಟು ತಿಂದ ದಲಿತ ವಿದ್ಯಾರ್ಥಿಗಳು ಊರೂರಿನಲ್ಲಿ ಒಂದುಗೂಡಿದರು.

ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪ (1938–1997) ಅವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ (ದಸಂಸ) ರೂಪುಗೊಂಡಿತು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ, ಕೋಲಾರದ ಕೋಟಿಗಾನಹಳ್ಳಿ ರಾಮಯ್ಯ, ತುಮಕೂರಿನಲ್ಲಿ ಕವಿ ಕೆ.ಬಿ. ಸಿದ್ದಯ್ಯ ಇದರೊಡನೆ ಬೆಳೆದರು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ಹಾಡು, ತಮಟೆ, ಜಾಥಾಗಳ ಮೂಲಕ ಸಮಿತಿ ಹಳ್ಳಿಗಳನ್ನು ಮುಟ್ಟಿತು. 1990ರ ದಶಕದ ಹೊತ್ತಿಗೆ ಅದು ಹಲವು ಬಣಗಳಾಗಿ ಒಡೆದಿತ್ತು.

ಮಾನದ ಪ್ರಶ್ನೆ

ಚಳವಳಿಯ ಅತ್ಯಂತ ಸ್ಪಷ್ಟ ಗೆಲುವು ಇಲ್ಲಿದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬಾ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ದಸಂಸ ವಿರೋಧಿಸಿತು. 1986ರ ಮಾರ್ಚ್‌ನಲ್ಲಿ ಗುಂಪೊಂದು ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಬಿದ್ದು, ಬಟ್ಟೆ ಕಿತ್ತು ಮೆರವಣಿಗೆ ಮಾಡಿತು. ನಂತರ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ದೇವದಾಸಿ ಪದ್ಧತಿಯ ನಿಷೇಧ ಕಾಯ್ದೆ 1982ರಲ್ಲೇ ಬಂದಿತ್ತು. 1987ರ ಬೆಂಡಿಗೇರಿ ಪ್ರಕರಣದಲ್ಲಿ ದಲಿತರಿಗೆ ಮಲ ತಿನ್ನಿಸಿದ ಸುದ್ದಿ ಹೊರಬಂದು ರಾಜ್ಯದ ಪ್ರಶ್ನೆಯಾದದ್ದಕ್ಕೂ ಚಳವಳಿಯೇ ಕಾರಣ. ಅವಮಾನವನ್ನು ಹಣೆಬರಹವೆಂದು ನುಂಗಿಕೊಳ್ಳುವ ಕಾಲ ಮುಗಿಯಿತು ಎಂದು ಹೇಳಲು ಅಡ್ಡಿಯಿಲ್ಲ. ಅವಮಾನವೇ ಮುಗಿಯಿತೆಂದು ಹೇಳಲಾಗದು.

ಭೂಮಿ

ಭದ್ರಾವತಿ ತಾಲ್ಲೂಕಿನ ಸಿದ್ಲೀಪುರದ ಹೋರಾಟದಿಂದ ಹಿಡಿದು ದಸಂಸದ ಮೊದಲ ಬೇಡಿಕೆ ಭೂಮಿಯೇ. 1974ರ ಭೂ ಸುಧಾರಣೆ ಉಳುವವನಿಗೆ ಒಡೆತನ ಕೊಟ್ಟಿತಾದರೂ, ಗೇಣಿಯೂ ಇಲ್ಲದೆ ಕೂಲಿ ಮಾಡುತ್ತಿದ್ದ ದಲಿತರ ಪಾಲಿಗೆ ಅದರಿಂದ ದಕ್ಕಿದ್ದು ಕಡಿಮೆ. ಅವರಿಗೆ ಜಮೀನು ಬರುತ್ತಿದ್ದ ದಾರಿ ದರಖಾಸ್ತು, ಅಂದರೆ ಅರ್ಜಿಯ ಮೇಲೆ ಸರ್ಕಾರಿ ಜಮೀನಿನ ಮಂಜೂರಾತಿ. ಇಂತಿಷ್ಟು ವರ್ಷ ಪರಭಾರೆ ಮಾಡಕೂಡದೆಂಬ ಷರತ್ತು ಸಾಗುವಳಿ ಚೀಟಿಯಲ್ಲೇ ಇರುತ್ತಿತ್ತು. ಆದರೂ ಮದುವೆ, ಕಾಯಿಲೆ, ಸಾಲಗಳಿಗೆ ಜಮೀನು ಮೊದಲು ಭೋಗ್ಯಕ್ಕೆ, ಆಮೇಲೆ ಕ್ರಯಕ್ಕೆ ಹೋಗುತ್ತಿತ್ತು.

ಇದನ್ನು ತಡೆಯಲು ಬಂದದ್ದು 1978ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ (ಕೆಲವು ಭೂಮಿಗಳ ವರ್ಗಾವಣೆ ನಿಷೇಧ) ಕಾಯ್ದೆ. ಜನರ ಬಾಯಲ್ಲಿ ಅದು ಪಿಟಿಸಿಎಲ್. ಜಾರಿಗೆ ಬಂದದ್ದು 1979ರ ಜನವರಿ 1ರಂದು. ಇದರ 4ನೇ ಕಲಮು ಮಂಜೂರಾತಿ ಷರತ್ತು ಮೀರಿದ ಎಲ್ಲ ವರ್ಗಾವಣೆಗಳನ್ನು, ಕಾಯ್ದೆಗೆ ಹಿಂದಿನವನ್ನೂ ಸೇರಿಸಿ, ಅನೂರ್ಜಿತಗೊಳಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮುಂದೆ ಮಾರುವಂತಿಲ್ಲ. 5ನೇ ಕಲಮಿನಡಿ ಉಪವಿಭಾಗಾಧಿಕಾರಿ (ಎಸಿ) ಅರ್ಜಿಯ ಮೇಲಾಗಲಿ ತಾವಾಗಿಯೇ ಆಗಲಿ ವಿಚಾರಣೆ ನಡೆಸಿ ಜಮೀನನ್ನು ಮೂಲ ಮಂಜೂರಿದಾರರಿಗೆ ಅಥವಾ ವಾರಸುದಾರರಿಗೆ ಬಿಡಿಸಿಕೊಡಬಹುದು. ಮಂಜೂರಾದ ಜಮೀನು ಬೇರೆಯವರ ಸ್ವಾಧೀನದಲ್ಲಿದ್ದರೆ ಅದು ಅನೂರ್ಜಿತ ವರ್ಗಾವಣೆಯಿಂದಲೇ ಬಂದದ್ದೆಂದು ಭಾವಿಸಬೇಕು. ಅಲ್ಲವೆಂದು ರುಜುವಾತು ಮಾಡುವ ಹೊಣೆ ಸ್ವಾಧೀನದಲ್ಲಿರುವವರದು. ಬಡವರ ಪರವಾಗಿ ಪುರಾವೆಯ ಭಾರವನ್ನೇ ತಿರುಗಿಸಿದ ಇಂಥ ಕಾನೂನು ಅಪರೂಪ.

ಆದರೆ ಕಾಯ್ದೆಯ ವ್ಯಾಖ್ಯೆಯಲ್ಲೇ ಒಂದು ದೊಡ್ಡ ತೂತಿದೆ. ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ ಜಮೀನು ‘ಮಂಜೂರಾದ ಭೂಮಿ’ಯೊಳಗೆ ಸೇರುವುದಿಲ್ಲ. ತೋಟಿ, ತಳವಾರ, ನೀರಗಂಟಿ ಚಾಕರಿಗಾಗಿ ದಲಿತ ಕುಟುಂಬಗಳು ತಲೆಮಾರುಗಳಿಂದ ಉಳುತ್ತಿದ್ದ ಇನಾಮು ಜಮೀನುಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಮರುಮಂಜೂರಾದವು. ಅವುಗಳಿಗೆ 1978ರ ತಿದ್ದುಪಡಿಯಿಂದ ಸಿಕ್ಕ ರಕ್ಷಣೆ 15 ವರ್ಷದ ಪರಭಾರೆ ನಿರ್ಬಂಧ ಮಾತ್ರ. ಹೀಗಾಗಿ ಒಂದೇ ಕೇರಿಯಲ್ಲಿ ದರಖಾಸ್ತು ಜಮೀನು ಕಳೆದುಕೊಂಡವರಿಗೆ ಎಸಿ ಕೋರ್ಟಿನ ಬಾಗಿಲು ತೆರೆದಿದ್ದರೆ, ತೋಟಿ ಇನಾಮು ಕಳೆದುಕೊಂಡ ಪಕ್ಕದ ಮನೆಯವರಿಗೆ ಅದು ಮುಚ್ಚಿದೆ.

ಸುಪ್ರೀಂ ಕೋರ್ಟ್ 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಕಾಯ್ದೆಗೆ ಮುನ್ನವೇ ದೀರ್ಘ ಅನುಭೋಗದಿಂದ ಹಕ್ಕು ಪಕ್ಕಾ ಆಗಿದ್ದವರನ್ನು ಹೊರಗಿಟ್ಟಿತು. ಅದೇ ಕೋರ್ಟಿನ 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು, ಕಾಯ್ದೆ ಕಾಲಮಿತಿ ಹೇಳಿಲ್ಲವಾದರೂ ಅರ್ಜಿ ಸಮಂಜಸ ಅವಧಿಯಲ್ಲಿ ಬರಬೇಕೆಂದಿತು. ಅದನ್ನು ಆಧರಿಸಿ ಅನೇಕ ಅರ್ಜಿಗಳು ಬಿದ್ದುಹೋದವು. ದೀರ್ಘ ಧರಣಿಗಳ ನಂತರ 2023ರಲ್ಲಿ ಶಾಸನಸಭೆ ಕಾಯ್ದೆಯನ್ನು ತಿದ್ದಿ, ಕಾಲಮಿತಿ ಅನ್ವಯಿಸದೆಂದು ಸ್ಪಷ್ಟಪಡಿಸಿತು. ಕಾಲಮಿತಿ ಬೇರೆ, ಅತಿ ವಿಳಂಬ ಬೇರೆ ಎಂದು ಹೈಕೋರ್ಟ್ ಅಭಿಪ್ರಾಯಪಟ್ಟಿರುವುದರಿಂದ ತಿದ್ದುಪಡಿಯ ಪೂರ್ಣ ಫಲ ಇನ್ನೂ ಖಚಿತವಾಗಿಲ್ಲ.

ಎಸಿ ಆದೇಶದ ನಂತರ ಜಿಲ್ಲಾಧಿಕಾರಿಗೆ ಮೇಲ್ಮನವಿ, ಆಮೇಲೆ ಹೈಕೋರ್ಟಿನಲ್ಲಿ ರಿಟ್. ಇಷ್ಟರ ಮೇಲೆ ಪಹಣಿಯಲ್ಲಿ ಹೆಸರು ಕೂರಬೇಕು, ಸರ್ವೆ ಆಗಿ ಹದ್ದುಬಸ್ತು ಸಿಗಬೇಕು. ಆದೇಶ ಕೈಯಲ್ಲಿದ್ದೂ ಉಳುಮೆಗೆ ಇಳಿಯಲಾಗದವರು ಇರುವುದು ಇದಕ್ಕೇ.

ಇನ್ನೊಂದು ದಾರಿ ಬಗರ್‌ಹುಕುಂ ಸಕ್ರಮ, ಎಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಉಳುವವರಿಗೇ ಮಂಜೂರು ಮಾಡುವುದು. ನಮೂನೆ 50, 53, 57 ಎಂದು ಸರ್ಕಾರ ಬೇರೆಬೇರೆ ಕಾಲದಲ್ಲಿ ಅರ್ಜಿ ಕರೆದಿದೆ. ಗೋಮಾಳ, ಕಾವಲುಗಳಂಥ ಸರ್ಕಾರಿ ಹುಲ್ಲುಗಾವಲುಗಳಲ್ಲಿ ಭೂರಹಿತರಿಗೆ ಪಾಲು ಸಿಗಬೇಕೆಂಬುದು ಚಳವಳಿಯ ಹಳೆಯ ಬೇಡಿಕೆ. ಕಾವಲುಗಳು ಈಗ ಬೇರೆ ಉದ್ದೇಶಗಳಿಗೆ ಹೋಗುತ್ತಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಗಿ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಇಂಥ ಸಾರ್ವಜನಿಕ ಉದ್ದಿಮೆಯ ಕಾಯಂ ಹುದ್ದೆಗಳಲ್ಲಿ ಮೀಸಲಾತಿಯಿದೆ. ಹಂಚಲು ಉಳಿದ ಸರ್ಕಾರಿ ಜಮೀನು ಕುಗ್ಗುತ್ತಿರುವಾಗ, ಭೂಮಿಯ ಬೇಡಿಕೆ ಉದ್ಯೋಗದ ಬೇಡಿಕೆಯಾಗಿ ಬದಲಾಗುವುದು ಅನಿವಾರ್ಯವೆನಿಸುತ್ತದೆ.

ಶಿಕ್ಷಣ, ಮೀಸಲಾತಿ, ನ್ಯಾಯ

ಹೆಂಡದ ಬದಲು ವಸತಿ ಶಾಲೆ ಕೇಳಿದ್ದು ದಸಂಸ. ಮುಂದೆ ಸರ್ಕಾರದ ವಸತಿ ಶಾಲೆಗಳ ಜಾಲ ಬೆಳೆಯಿತು. ತುಮಕೂರಿನಲ್ಲಿ ಎಚ್.ಎಂ. ಗಂಗಾಧರಯ್ಯನವರು 1959ರಲ್ಲೇ ಸಿದ್ಧಾರ್ಥ ಶಿಕ್ಷಣ ಸಂಸ್ಥೆ ಸ್ಥಾಪಿಸಿದ್ದರು. 2013ರ ಪರಿಶಿಷ್ಟ ಜಾತಿ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆ ಜನಸಂಖ್ಯೆಗೆ ತಕ್ಕ ಅನುದಾನವನ್ನು ಕಡ್ಡಾಯ ಮಾಡಿತು; ಆ ಹಣವನ್ನು ಬೇರೆ ಯೋಜನೆಗಳಿಗೆ ಬಳಸುವುದರ ಬಗ್ಗೆ ಆಕ್ಷೇಪಗಳು ನಿಂತಿಲ್ಲ. ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗೇ ಹಂಚುವ ಒಳಮೀಸಲಾತಿಗಾಗಿ ಮಾದಿಗ ಸಮುದಾಯ ದಶಕಗಳ ಕಾಲ ಹೋರಾಡಿದ್ದು, ಬಂದ ಫಲ ಚಳವಳಿಯೊಳಗೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬುದನ್ನು ತೋರಿಸುತ್ತದೆ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ದಲಿತರನ್ನು ಸುಟ್ಟು ಕೊಲ್ಲಲಾಯಿತು. ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನು ಖಾಯಂಗೊಳಿಸಿತು. ಆದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಪಾಲಪುರದಲ್ಲಿ 2010ರಲ್ಲಿ ನಡೆದ ದಲಿತ ಮಹಿಳೆಯ ಕೊಲೆಗೆ 2024ರಲ್ಲಿ ತುಮಕೂರಿನ ನ್ಯಾಯಾಲಯ 21 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಮೌಲ್ಯಮಾಪನ

ಅಮೆರಿಕದ ಕರಿಯರ ನಾಗರಿಕ ಹಕ್ಕುಗಳ ಚಳವಳಿ 1964ರ ನಾಗರಿಕ ಹಕ್ಕು ಕಾಯ್ದೆಯನ್ನೂ 1965ರ ಮತದಾನ ಹಕ್ಕು ಕಾಯ್ದೆಯನ್ನೂ ಗೆದ್ದುಕೊಂಡಿತು. ಮಾರ್ಟಿನ್ ಲೂಥರ್ ಕಿಂಗ್ 1968ರಲ್ಲಿ ಬಡವರ ಅಭಿಯಾನಕ್ಕೆ ಕೈಹಾಕಿದ್ದು, ಬಡತನ ಆ ಕಾಯ್ದೆಗಳಿಗೆ ಕರಗದೆ ಉಳಿದದ್ದಕ್ಕೆ. ಕರ್ನಾಟಕದ ಅನುಭವವೂ ಅಂಥದೇ. ಇಲ್ಲಿನ ದಲಿತ ಚಳವಳಿ ಮಾನವನ್ನು ಬಹುಮಟ್ಟಿಗೆ, ಶಿಕ್ಷಣವನ್ನು ಗಣನೀಯವಾಗಿ, ನ್ಯಾಯವನ್ನು ಅಲ್ಲಲ್ಲಿ ದೊರಕಿಸಿತು. ಭೂಮಿಯ ವಿಷಯದಲ್ಲಿ ಒಳ್ಳೆಯ ಕಾನೂನನ್ನು ದೊರಕಿಸಿತು, ಭೂಮಿಯನ್ನು ದೊರಕಿಸಲಿಲ್ಲ. ಮಂಜೂರಾತಿ ಕಡತಗಳನ್ನು ಕಾಪಾಡಿ, ಎಸಿ ಆದೇಶಗಳನ್ನು ಸ್ವಾಧೀನದವರೆಗೆ ಮುಟ್ಟಿಸುವ ಹೊಣೆಯನ್ನು ಕಂದಾಯ ಇಲಾಖೆ ಹೊರುವವರೆಗೆ ಈ ಬೇಡಿಕೆ ಈಡೇರಿತೆಂದು ಬರೆಯಲಾಗದು.